ಒಂಬತ್ತನೇ ಭಾನುವಾರ: ಮೀನುಡೇಗೆಯ ಕಣ್ಣು ಮೂಡಿತು

ನಿನ್ನೆ ಬೆಳಗ್ಗೆ 9 ಗಂಟೆ 40 ನಿಮಿಷಕ್ಕೆ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ, ಮೀನಾಕ್ಷಿಪುರದ ಕಡೆಯ ದಂಡೆಯ ಮೇಲೆ, ಮೀನು ಹಿಡಿದು ತಿನ್ನುವ ಬೇಟೆಹಕ್ಕಿ ಮೀನುಡೇಗೆಯ (ಆಸ್ಪ್ರೇ) ಕಣ್ಣು ನನ್ನ ಚಿತ್ರದಲ್ಲಿ ಮೊದಲ ಬಾರಿಗೆ ಕಣ್ಣಾಗಿ ಮೂಡಿತು. ಹಳದಿ ಬಳೆ, ನಡುವೆ ಕಪ್ಪು ಪಾಪೆ, ಪಾಪೆಯ ಮೇಲೆ ಸೂರ್ಯನ ಒಂದು ಚುಕ್ಕೆ. ಇಷ್ಟು ದಿನ ಅದೇ ಜಾಗದಲ್ಲಿ ಹಳದಿ ಮಸುಕು ಮಾತ್ರ ಇರುತ್ತಿತ್ತು. ಎಂಟು ಭಾನುವಾರಗಳು ಹೀಗೇ ಹೋಗಿದ್ದವು. ಖುಷಿಯಲ್ಲಿ ರಾತ್ರಿ ನಿದ್ದೆ ಬರಲಿಲ್ಲ, ಎದ್ದು ಕುಳಿತು ಇದನ್ನು ಬರೆಯುತ್ತಿದ್ದೇನೆ.

ಜಾಗ ಹುಡುಕಿದ್ದು, ಮರೆ ಕಟ್ಟಿದ್ದು, ಹಕ್ಕಿಯ ದಿನಚರಿ ಬರೆದುಕೊಂಡದ್ದು ಎಲ್ಲವೂ ಹಕ್ಕಿಗಳ ಚಿತ್ರ ತೆಗೆಯುವ ನಿಮಗೆ ಗೊತ್ತಿರುವ ಕೆಲಸವೇ, ಬಿಟ್ಟುಬಿಡುತ್ತೇನೆ. ಗರುಡ ಮತ್ತು ಹದ್ದುಗಳಿಗೆ ಇಲ್ಲಿ ಬರವಿಲ್ಲ. ಮೀನುಡೇಗೆ ಹಾಗಲ್ಲ. ಚಳಿಗಾಲಕ್ಕೆ ಬಂದು, ಬೇಸಿಗೆಗೆ ಮೊದಲೇ ಉತ್ತರಕ್ಕೆ ಹೊರಟುಬಿಡುವ ಅತಿಥಿ ಅದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆರು ಚಳಿಗಾಲಗಳಿಗೆ ಸೇರಿ ಹನ್ನೊಂದೇ ದಾಖಲೆಗಳಿವೆ. ಈ ವರ್ಷ ಒಂದೇ ಹಕ್ಕಿ ಒಂದೇ ಒಣಮರಕ್ಕೆ ಮತ್ತೆ ಮತ್ತೆ ಬರತೊಡಗಿದಾಗ, ಉಳಿದ ಕೆಲಸಗಳನ್ನೆಲ್ಲ ಪಕ್ಕಕ್ಕಿಟ್ಟೆ.

ಸಮಸ್ಯೆ ಒಂದೇ, ಚಿತ್ರದ ಮಸುಕು. ಮುಕ್ಕಾಲಿಯ (ಟ್ರೈಪಾಡ್) ಮೇಲೆ 600 ಮಿ.ಮೀ. ಲೆನ್ಸ್, ಎಫ್ 6.3, ಸೆಕೆಂಡಿನ 3200ನೇ ಒಂದು ಭಾಗದ ಶಟರ್. ಫೋಕಸ್ ಚೌಕ ಹಕ್ಕಿಯ ತಲೆಯ ಮೇಲೆಯೇ ಕುಳಿತಿರುತ್ತಿತ್ತು. ಆದರೂ ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಗರಿಗಳ ಅಂಚು ಎರಡೆರಡಾಗಿ ಕಾಣುತ್ತಿತ್ತು, ಕೊಕ್ಕಿನ ಕೊಂಡಿ ಕರಗಿದ ಮೇಣದಂತಿರುತ್ತಿತ್ತು. ಕೈ ನಡುಗಿದರೆ ಬರುವ ಮಸುಕು ಒಂದೇ ದಿಕ್ಕಿಗೆ ಎಳೆದಂತಿರುತ್ತದೆ. ಇದು ಹಾಗಿರಲಿಲ್ಲ, ಕುದಿಯುವ ಪಾತ್ರೆಯ ತಳವನ್ನು ಮೇಲಿಂದ ನೋಡಿದ ಹಾಗಿತ್ತು.

ಮೊದಲು ಲೆನ್ಸಿನ ಮೇಲೆ ಅನುಮಾನ ಬಂತು. ಮುಂದಿನ ಫಿಲ್ಟರ್ ಬಿಚ್ಚಿಟ್ಟೆ, ನಡುಕ ತಡೆಯುವ ಸ್ಥಿರಕಾರಕವನ್ನು ಆರಿಸಿ ನೋಡಿದೆ, ಫೋಕಸ್ ಹೊಂದಾಣಿಕೆಯನ್ನು ಹಿಂದೆ ಮುಂದೆ ಸರಿಸಿದೆ. ಕೊನೆಗೆ ಬೆಂಗಳೂರಿನ ದುರಸ್ತಿ ಕೇಂದ್ರವೊಂದಕ್ಕೆ ಕೊಟ್ಟೆ. ಹನ್ನೆರಡು ದಿನ ಇಟ್ಟುಕೊಂಡು, ‘ದೋಷ ಇಲ್ಲ’ ಎಂಬ ಎರಡು ಪದದ ಚೀಟಿಯೊಂದಿಗೆ ತಪಾಸಣೆಯ ಬಿಲ್ಲನ್ನೂ ಕಳುಹಿಸಿದರು. ಯಾವ ಪರೀಕ್ಷೆ ಮಾಡಿದಿರಿ, ಎಷ್ಟು ದೂರದಲ್ಲಿ ಮಾಡಿದಿರಿ ಎಂದು ಕೇಳಿದರೆ ಫೋನಿನಲ್ಲಿ ಉತ್ತರವೇ ಇಲ್ಲ. ಇದೇ ಹೊತ್ತಿನಲ್ಲಿ ಅಂತರ್ಜಾಲದ ಮಾರಾಟಗಾರನೊಬ್ಬ ಮುಕ್ಕಾಲಿಯ ತಲೆಗೆ ಬೇಕಾದ ಪಟ್ಟಿಯನ್ನು ಎರಡು ಸಲವೂ ತಪ್ಪು ಅಳತೆಯಲ್ಲಿ ಕಳುಹಿಸಿದ. ಚಳಿಗಾಲವೇ ನಾಲ್ಕು ತಿಂಗಳು. ಅದರಲ್ಲಿ ಮೂರು ಭಾನುವಾರಗಳನ್ನು ಇಂಥವರು ತಿಂದುಹಾಕಿದರೆ ಸಿಟ್ಟು ಬರದೆ ಇರುತ್ತದೆಯೇ?

ಆರನೇ ಭಾನುವಾರ ಹಕ್ಕಿ ಬರಲೇ ಇಲ್ಲ. ಬೇಸರದಲ್ಲಿ ಅದು ಕೂರುವ ಒಣಮರವನ್ನೇ ಸಾಲಾಗಿ ಇಪ್ಪತ್ತು ಸಲ ತೆಗೆದೆ. ಮರ ಅಲ್ಲಾಡುವುದಿಲ್ಲ, ಮುಕ್ಕಾಲಿ ಅಲ್ಲಾಡುವುದಿಲ್ಲ. ದೂರ ಸುಮಾರು 180 ಮೀಟರ್. ಮನೆಯಲ್ಲಿ ನೋಡಿದರೆ ಮೂರು ಚಿತ್ರಗಳಲ್ಲಿ ತೊಗಟೆಯ ಬಿರುಕುಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಉಳಿದ ಹದಿನೇಳರಲ್ಲಿ ಮಸುಕು, ಅದೂ ಒಂದೊಂದರಲ್ಲಿ ಒಂದೊಂದು ಬಗೆ. ಒಂದರಲ್ಲಿ ನೇರವಾದ ಕೊಂಬೆ ಅಂಕುಡೊಂಕಾಗಿತ್ತು. ಲೆನ್ಸ್ ಕೆಟ್ಟಿದ್ದರೆ ಇಪ್ಪತ್ತೂ ಒಂದೇ ರೀತಿ ಕೆಡಬೇಕಿತ್ತು. ಅಂದರೆ ತಪ್ಪು ಗಾಜಿನದಲ್ಲ, ಗಾಳಿಯದು. ನೀವೂ ಲೆನ್ಸನ್ನು ದುರಸ್ತಿಗೆ ಕಳುಹಿಸುವ ಮುನ್ನ ಈ ಪರೀಕ್ಷೆ ಮಾಡಿ, ದಯವಿಟ್ಟು.

ಬೆಚ್ಚನೆಯ ಗಾಳಿ ಅಲುಗಿ ನೋಟವನ್ನು ಕಲಕುವ ಝಳವೇ ಇದಕ್ಕೆ ಕಾರಣವಿರಬೇಕು. ಆದರೆ ಝಳ ಎಂದರೆ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನದ ಟಾರು ರಸ್ತೆ ಎಂದು ತಿಳಿದಿದ್ದವನು ನಾನು. ಜನವರಿಯ ಮುಂಜಾನೆ, ಶಾಲು ಹೊದ್ದು ಕುಳಿತಿರುವಾಗ ಝಳ ಎಲ್ಲಿಂದ ಬರಬೇಕು? ಉತ್ತರ ಕೊಟ್ಟವರು ಅಲ್ಲಿ ಬಲೆ ಬಿಡುವ ಯಜಮಾನರು. ಹರಿಗೋಲಿನಲ್ಲಿ ಕುಳಿತು ಒಂದು ಕೈಯನ್ನು ನೀರಿನಲ್ಲಿ ಇಳಿಬಿಟ್ಟು ಬರುತ್ತಿದ್ದರು. ಯಾಕೆ ಯಜಮಾನರೇ ಎಂದೆ. “ಈ ಹೊತ್ತಿನಲ್ಲಿ ನೀರೇ ಬೆಚ್ಚಗೆ ಸಾರ್. ಕೈ ಹೊರಗೆ ತೆಗೆದರೆ ಬೆರಳು ಸೆಟೆದು ಬಲೆ ಬಿಡಿಸಲು ಆಗುವುದಿಲ್ಲ” ಎಂದರು.

ಮುಂದಿನ ವಾರ ಥರ್ಮಾಮೀಟರಿಗೆ ದಾರ ಕಟ್ಟಿ ತಂದೆ. ಬೆಳಗ್ಗೆ 6.45ಕ್ಕೆ ಗಾಳಿ 16 ಡಿಗ್ರಿ, ನೀರು 23. ಏಳು ಡಿಗ್ರಿ ವ್ಯತ್ಯಾಸ! ಹಗಲಿನ ಬಿಸಿಯನ್ನು ನೀರು ರಾತ್ರಿಯಿಡೀ ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೈಗೆ ತಾಗಿದ ಗಾಳಿ ಬೆಚ್ಚಗಾಗಿ, ಹಗುರಾಗಿ ಮೇಲೇಳುತ್ತದೆ, ಆ ಜಾಗಕ್ಕೆ ತಂಪು ಗಾಳಿ ಇಳಿಯುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಬೆಳಕು ಬಾಗುವ ಪ್ರಮಾಣ ಬೇರೆ, ತಣ್ಣನೆಯದರಲ್ಲಿ ಬೇರೆ. ಹಕ್ಕಿಯಿಂದ ಹೊರಟ ಬೆಳಕು ಇಂಥ ನೂರಾರು ಸುರುಳಿಗಳನ್ನು ದಾಟಿ ನನ್ನ ಲೆನ್ಸಿಗೆ ಬರುತ್ತಿತ್ತು. ಅದರ ಮೇಲೆ ನಾನು ದಂಡೆಯಲ್ಲಿ ಮಲಗಿ, ಕ್ಯಾಮೆರಾವನ್ನು ನೀರಿನಿಂದ ಗೇಣು ಎತ್ತರದಲ್ಲಿಟ್ಟು ತೆಗೆಯುತ್ತಿದ್ದೆ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು ಎಂದು ನಾವೆಲ್ಲ ಕಲಿತಿದ್ದೇವಲ್ಲ, ಆ ಪಾಠವೇ ಇಲ್ಲಿ ಮುಳುವಾಯಿತು. ಬೆಳಕಿನ ದಾರಿ 180 ಮೀಟರ್ ಉದ್ದಕ್ಕೂ ಆ ಕಲಕಿದ ಪದರದೊಳಗೇ ಸಾಗುತ್ತಿತ್ತು.

ಅರ್ಧ ಗಂಟೆಗೊಮ್ಮೆ ಅಳೆದೆ. ಒಂಬತ್ತೂವರೆಯ ಹೊತ್ತಿಗೆ ಗಾಳಿಯೂ 23ಕ್ಕೆ ಬಂತು. ಒಣಮರ ಚಿತ್ರದಲ್ಲಿ ಥಟ್ಟನೆ ನಿಂತುಬಿಟ್ಟಿತು. ಹನ್ನೊಂದರ ನಂತರ ದಂಡೆಯ ಒಣಮಣ್ಣು ಕಾಯ್ದು, ಕಾಲ ಬುಡದಿಂದಲೇ ಬೇರೆ ಝಳ ಏಳತೊಡಗಿತು. ನಡುವಿನ ಒಂದೊಂದೂವರೆ ಗಂಟೆಯೇ ನಮ್ಮದು. ಬೆಳಕು ಗಡುಸಾಗಿರುತ್ತದೆ, ನಿಜ. ಆದರೆ ಹಕ್ಕಿಯ ಹೊಟ್ಟೆ ಬಿಳಿ, ಕೆಳಗೆ ನೀರಿನ ಪ್ರತಿಫಲನವಿದೆ, ರೆಕ್ಕೆಯ ಅಡಿ ಕಪ್ಪಾಗುವುದಿಲ್ಲ. ಬಿಳಿ ತಲೆ ಚಿತ್ರದಲ್ಲಿ ಸುಟ್ಟು ಬರೀ ಬಿಳುಪಾಗದಂತೆ ಕ್ಯಾಮೆರಾದಲ್ಲಿ ಬೆಳಕನ್ನು ಮುಕ್ಕಾಲು ಮೆಟ್ಟಿಲು (ಸ್ಟಾಪ್) ಇಳಿಸಿದರೆ ಸಾಕು.

ನೆಲದಿಂದ ಎದ್ದು ದಿಬ್ಬದ ಮೇಲೆ ಹೋದೆ, ನೀರಿಗಿಂತ ಸುಮಾರು ನಾಲ್ಕು ಮೀಟರ್ ಎತ್ತರಕ್ಕೆ. ಬೆಚ್ಚಗಿನ ಕಾರಿನಿಂದ ತೆಗೆದ ಲೆನ್ಸನ್ನು ಅರ್ಧ ಗಂಟೆ ಹೊರಗೆ ಆರಲು ಬಿಟ್ಟೆ, ಇಲ್ಲವಾದರೆ ಲೆನ್ಸಿನ ಮುಂದಿನ ಕೊಳವೆಯಂಥ ಹುಡ್‌ನೊಳಗೇ ಒಂದು ಪುಟ್ಟ ಝಳ ಎದ್ದು ಕೂರುತ್ತದೆ. ಇವೆರಡಕ್ಕಿಂತ ದೊಡ್ಡದು ದೂರ. ಹಕ್ಕಿಯ ಬಳಿಗೆ ಹೋಗುವಂತಿಲ್ಲ. ಮೀನು ಹಿಡಿದ ಹೊತ್ತಿನಲ್ಲಿ ಎಬ್ಬಿಸಿದರೆ ಗರುಡಗಳು ಮುತ್ತಿ ಅದರ ಊಟವನ್ನೇ ಕಸಿಯುತ್ತವೆ. ಹಾಗಾಗಿ ಹಕ್ಕಿಯೇ ಬರಲಿ ಎಂದು ಜಲಾಶಯದ ಮಟ್ಟ ನೋಡತೊಡಗಿದೆ. ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ನೀರು ಇಳಿದಂತೆಲ್ಲ ಮುಳುಗಿದ್ದ ಮರಗಳ ಬೊಡ್ಡೆಗಳು ದಂಡೆಯ ಹತ್ತಿರವೂ ತಲೆ ಎತ್ತುತ್ತವೆ. ಮಂಡ್ಯದ ರೈತರು ದಿನವೂ ಪತ್ರಿಕೆಯಲ್ಲಿ ನೋಡುವ ಅದೇ ಅಂಕಿಯನ್ನು ನಾನೂ ಬರೆದಿಟ್ಟುಕೊಂಡೆ. ಎಂಟನೇ ವಾರ ದಿಬ್ಬದಿಂದ ನಲವತ್ತೈದು ಮೀಟರ್ ದೂರದಲ್ಲಿ ಹೊಸ ಬೊಡ್ಡೆಯೊಂದು ಕಂಡಿತು.

ನಿನ್ನೆ ಅದು ಆ ಬೊಡ್ಡೆಯ ಮೇಲೆಯೇ ಇಳಿಯಿತು. ಮೊದಲು ದೂರದಲ್ಲಿ ಗಾಳಿಯಲ್ಲಿ ನಿಂತು ರೆಕ್ಕೆ ಬಡಿಯಿತು, ಕಾಲು ಮುಂದೆ ಮಾಡಿ ಬಿತ್ತು, ಎದ್ದಿತು, ಹಾರುತ್ತಲೇ ಮೈ ಕೊಡವಿತು. ಮೀನನ್ನು ತಲೆ ಮುಂದಾಗಿ ತಿರುಗಿಸಿಕೊಂಡು ನೇರ ನನ್ನತ್ತ ಬಂತು. ಚಿತ್ರದಲ್ಲಿ ಹೊರಬೆರಳು ಹಿಂದಕ್ಕೆ ತಿರುಗಿ, ಎರಡು ಮುಂದೆ ಎರಡು ಹಿಂದೆಯಾಗಿ ಮೀನನ್ನು ಕಚ್ಚಿರುವುದು ಕಾಣುತ್ತದೆ. ಅಂಗಾಲಿನ ಮುಳ್ಳುಮುಳ್ಳಾದ ಚರ್ಮವನ್ನು ಓದಿ ತಿಳಿದಿದ್ದೆ, ನೋಡಿದ್ದು ಇದೇ ಮೊದಲು.

ಈ ಥರ್ಮಾಮೀಟರ್ ಈಗ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಹೋಗಬೇಕು. ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಕೆಲವಕ್ಕೆ ಮಂಗೋಲಿಯದಲ್ಲಿ ತೊಡಿಸಿದ ಕೊರಳಪಟ್ಟಿ ಇರುತ್ತದೆ. ಅದರ ಅಕ್ಷರ ಓದಿದರೆ ಆ ಹಕ್ಕಿ ಎಲ್ಲಿಂದ ಬಂತು ಎಂದು ತಿಳಿಯುತ್ತದೆ. ಹಿಂದೆ ನಾನು ತೆಗೆದ ಎರಡು ಪಟ್ಟಿಗಳಲ್ಲಿ ಒಂದಕ್ಷರವೂ ಓದಲಾಗಿರಲಿಲ್ಲ, ಎರಡನ್ನೂ ನಸುಕಿನಲ್ಲೇ ತೆಗೆದಿದ್ದೆ. ಈ ಸಲ ಒಂಬತ್ತೂವರೆಗೆ, ಕೆರೆ ಏರಿಯ ಮೇಲಿಂದ ನೋಡುತ್ತೇನೆ. ಮೀನುಡೇಗೆಯ ಕೆಲಸವೂ ಮುಗಿದಿಲ್ಲ. ನೀರಿಗೆ ಬೀಳುವ ಕ್ಷಣದಲ್ಲಿ ಫೋಕಸ್ ಈಗಲೂ ಹಕ್ಕಿಯನ್ನು ಬಿಟ್ಟು ಚಿಮ್ಮಿದ ನೀರನ್ನು ಹಿಡಿಯುತ್ತಿದೆ.

ಯಜಮಾನರಿಗೆ ಕ್ಯಾಮೆರಾದ ಪರದೆಯಲ್ಲೇ ಚಿತ್ರ ತೋರಿಸಿದೆ, ಕಣ್ಣನ್ನು ದೊಡ್ಡದು ಮಾಡಿ. ಅವರು ಬೆರಳಿಟ್ಟದ್ದು ಮೀನಿನ ಮೇಲೆ. “ಜಿಲೇಬಿ ಮೀನು ಸಾರ್. ಕಿವಿರಿನ ಹಿಂದೆ ಗೆರೆ ನೋಡಿ, ಬಲೆಗೆ ಸಿಕ್ಕಿ ಬಿಡಿಸಿಕೊಂಡು ಹೋದದ್ದು.” ಇನ್ನಷ್ಟು ದೊಡ್ಡದು ಮಾಡಿದೆ. ಹುರುಪೆಗಳ ಮೇಲೆ ಕೂದಲೆಳೆಯಂಥ ಗೆರೆ, ಬೆನ್ನಿನಿಂದ ಹೊಟ್ಟೆಯವರೆಗೂ ಇತ್ತು.