ಹನಿ ಸೋರದ ಉಂಡೆ

2024 ಆಗಸ್ಟ್ 7, ಬುಧವಾರ, ರಾತ್ರಿ

ಬೆಳಿಗ್ಗೆ ಐದಕ್ಕೆ ಧ್ಯಾನಕ್ಕೆ ಕೂತವನು ಎದ್ದಾಗ ಆರೂ ಮುಕ್ಕಾಲು. ಆಗಲೇ ಬರೆದಿಡಬೇಕು ಅಂದುಕೊಂಡೆ, ಮಾತೇ ಹುಟ್ಟಲಿಲ್ಲ. ಈಗ ಕೂತಿದ್ದೇನೆ.

ಮೊದಲ ಇಪ್ಪತ್ತು ನಿಮಿಷ ಎಂದಿನ ಹಾಗೇ. ಉಸಿರು, ನಡುವೆ ಕಳಿಸಲು ಮರೆತ ಒಂದು ಮೇಲ್, ಮತ್ತೆ ಉಸಿರು. ಆಸೆ, ಸಿಟ್ಟು, ಜಡ್ಡು, ಚಡಪಡಿಕೆ, ಅನುಮಾನ: ಈ ಐದನ್ನು ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ನೀವರಣ ಅನ್ನುತ್ತಾರೆ, ಅಂದರೆ ಅಡ್ಡ ನಿಲ್ಲುವಂಥವು. ನನ್ನ ಪಾಲಿಗೆ ಜಾಸ್ತಿ ಬರುವುದು ಚಡಪಡಿಕೆ. ಇವತ್ತು ಅದನ್ನು ಅಟ್ಟಲು ಹೋಗಲಿಲ್ಲ. ಸುಮ್ನೆ ಉಸಿರಿನ ಜೊತೆಗಿದ್ದೆ. ಮೇಲ್ತುಟಿಯ ಮೇಲೆ, ಕಡಲೆಕಾಳಿನಷ್ಟು ಜಾಗದಲ್ಲಿ, ಒಳಗೆ ಹೋಗುವಾಗ ತಣ್ಣಗೆ, ಹೊರಗೆ ಬರುವಾಗ ಬೆಚ್ಚಗೆ. ಸ್ವಲ್ಪ ಹೊತ್ತಿಗೆ ಆ ವ್ಯತ್ಯಾಸವೂ ತಿಳಿಯದಷ್ಟು ಉಸಿರು ಸಣ್ಣಗಾಯಿತು. ಆಮೇಲೆ ಬೆರಳಸಂದಿಯಲ್ಲಿ ಜುಮ್ ಅಂತ ಶುರುವಾಯಿತು.

ಅದು ಪೀತಿ, ಅಂದರೆ ಧ್ಯಾನದಲ್ಲಿ ಏಳುವ ಹಿಗ್ಗು, ಅಂತ ಗೊತ್ತಿತ್ತು. ಮೂರು ತಿಂಗಳ ಹಿಂದೆ 10 ದಿನದ ಮೌನ ಶಿಬಿರದಲ್ಲಿ, ಏಳನೇ ದಿನ, ಅದು ಮೊದಲ ಸಲ ಬಂದದ್ದು ಹೊಳೆ ನುಗ್ಗಿದಂತೆ. ಮೈ ನಡುಗಿತು, ಬೆನ್ನು ತಾನಾಗಿ ನೆಟ್ಟಗಾಯಿತು, ಕಣ್ಣಲ್ಲಿ ನೀರು. ಹೆದರಿ ಕಣ್ಣು ಬಿಟ್ಟೆ. ಇಷ್ಟು ಸುಖ ತಪ್ಪಲ್ಲವಾ ಅನ್ನಿಸಿತ್ತು. ಬುದ್ಧನಿಗೂ ಈ ಪ್ರಶ್ನೆ ಎದುರಾಗಿತ್ತು ಅಂತ ಆಮೇಲೆ ತಿಳಿಯಿತು. ವರ್ಷಗಟ್ಟಲೆ ಮೈಯನ್ನು ಹಸಿವಿನಿಂದ ದಂಡಿಸಿ ಏನೂ ದಕ್ಕದೆ ಹೋದಾಗ ಒಂದು ಹಳೆಯ ನೆನಪು ಬಂತಂತೆ. ಅಪ್ಪ ಕೆಲಸದಲ್ಲಿದ್ದಾಗ ತಾನು ನೇರಳೆ ಮರದ ತಂಪಿನಲ್ಲಿ ಕೂತಿದ್ದು, ಮನಸ್ಸು ತಾನಾಗಿ ನೆಲೆಗೊಂಡದ್ದು. ಆಸೆಗೂ ಕೇಡಿಗೂ ಸಂಬಂಧವಿಲ್ಲದ ಆ ಸುಖಕ್ಕೆ ನಾನೇಕೆ ಹೆದರಬೇಕು ಅಂತ ಆತ ತನ್ನನ್ನೇ ಕೇಳಿಕೊಂಡ. ಇದನ್ನು ಓದಿದ ದಿನ ನನ್ನ ಎದೆಯ ಮೇಲಿನ ಒಂದು ಕಲ್ಲು ಇಳಿಯಿತು.

ಹೆದರಿಕೆ ಹೋಯಿತು, ಹಸಿವು ಶುರುವಾಯಿತು. ಶಿಬಿರದಿಂದ ಬಂದ ಮೇಲೆ ದಿನವೂ ಆ ನಡುಕವನ್ನೇ ಹುಡುಕಿಕೊಂಡು ಕೂತೆ. ಬೌದ್ಧ ಪಂಡಿತ ಬುದ್ಧಘೋಷ 5ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಬರೆದ ವಿಶುದ್ಧಿಮಗ್ಗ ಅನ್ನುವ ಸಾಧನೆಯ ಕೈಪಿಡಿಯಲ್ಲಿ ಐದು ಬಗೆಯ ಪೀತಿ ಇದೆ. ಬರೀ ರೋಮ ನಿಮಿರಿಸುವುದು, ಮಿಂಚಿನಂತೆ ಹೊಳೆದು ಹೋಗುವುದು, ದಡಕ್ಕೆ ಬಡಿಯುವ ಅಲೆಯಂಥದ್ದು, ಮೈಯನ್ನೇ ಎತ್ತುವುದು, ಕೊನೆಗೆ ಇಡೀ ಮೈಯಲ್ಲಿ ಹರಡಿ ನಿಲ್ಲುವುದು. ನಾನು ಅಲೆಯನ್ನೇ ಗುರಿ ಅಂದುಕೊಂಡಿದ್ದೆ. ಸಾಲದ್ದಕ್ಕೆ ಮೊದಲನೆಯ ಝಾನದಲ್ಲೇ (ಮನಸ್ಸು ಆಳವಾಗಿ ನೆಲೆನಿಲ್ಲುವ ಹಂತಗಳಿಗೆ ಝಾನ ಅನ್ನುತ್ತಾರೆ) ಕಾಲೂರದೆ ಎರಡನೆಯದರ ಆಸೆ ಬೇರೆ. ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಬೆಟ್ಟದ ಹಸುವಿನ ಕತೆ ಇದೆಯಲ್ಲ, ಹಾಗೆ. ತಿನ್ನದ ಹುಲ್ಲು ತಿನ್ನಬೇಕು ಅಂತ ಹೊರಟ ಹಸು, ಮುಂಗಾಲು ಗಟ್ಟಿಯಾಗಿ ಊರುವ ಮೊದಲೇ ಹಿಂಗಾಲು ಎತ್ತುತ್ತದೆ. ಅತ್ತ ಹೋಗಲೂ ಆಗದು, ಇತ್ತ ವಾಪಸ್ ಬರಲೂ ಆಗದು. ಗುರುಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಎಲ್ಲಿಗೂ ಹೋಗ್ಬೇಡಿ. ಬಂದದ್ದರಲ್ಲೇ ಸ್ವಲ್ಪ ಹೊತ್ತು ಇರಿ" ಅಂದರು. ಅಷ್ಟೇ.

ಇವತ್ತು ಇದ್ದೆ. ಜುಮ್ ಅನ್ನುವುದು ಅಂಗೈಯಿಂದ ಮೊಣಕೈಗೆ ಬಂತು, ಎದೆಗೆ ಬಂತು. ನಡುಕ ಇರಲಿಲ್ಲ. ಮೊದಲ ಝಾನಕ್ಕೆ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ, ಸ್ನಾನ ಮಾಡಿಸುವವನ ಹೋಲಿಕೆ ಕೊಡುತ್ತಾರೆ. ಕಂಚಿನ ತಟ್ಟೆಯಲ್ಲಿ ಸ್ನಾನದ ಪುಡಿ ಹಾಕಿ, ನೀರು ಚಿಮುಕಿಸುತ್ತಾ ನಾದುತ್ತಾನೆ. ಉಂಡೆ ಒಳಗೂ ಹೊರಗೂ ನೆನೆದಿರುತ್ತದೆ, ಆದರೆ ಒಂದು ಹನಿ ಸೋರುವುದಿಲ್ಲ. ಎಷ್ಟೋ ಸಲ ಓದಿದ್ದೆ. ಆ ಸೋರದಿರುವುದು ಏನು ಅಂತ ಇವತ್ತು ಮೈಗೆ ಗೊತ್ತಾಯಿತು. ಶಿಬಿರದಲ್ಲಿ ಬಂದದ್ದೆಲ್ಲ ಸೋರಿ ಹೋಗಿತ್ತು, ಕಣ್ಣೀರಾಗಿ, ನಡುಕವಾಗಿ. ಇವತ್ತು ಅದು ಒಳಗೇ ನಿಂತಿತು. ಪಾದದ ಬೆರಳವರೆಗೂ ಒಂದೇ ಸಮ. ಉಸಿರನ್ನು ಹಿಡಿದಿಡುವ ಕೆಲಸವೇ ಇರಲಿಲ್ಲ, ಮನಸ್ಸಿಗೆ ಬೇರೆಲ್ಲೂ ಹೋಗಬೇಕು ಅನ್ನಿಸಲಿಲ್ಲ.

ಎರಡನೆಯ ಝಾನಕ್ಕೆ ಕೆರೆಯ ಹೋಲಿಕೆ. ಯಾವ ದಿಕ್ಕಿನಿಂದಲೂ ನೀರು ಹರಿದು ಬರುವುದಿಲ್ಲ, ತಳದ ಊಟೆಯಿಂದಲೇ ಕೆರೆ ತಂಪಾಗಿ ತುಂಬಿಕೊಳ್ಳುತ್ತದೆ. ನಡುವೆ ಒಂದು ಸಲ ಆ ಕೆರೆ ನೆನಪಾಯಿತು. ನೆನಪಾದ ಕೂಡಲೇ ಉಂಡೆ ಸೋರತೊಡಗಿತು. ಹುಬ್ಬಿನ ನಡುವೆ ಸಣ್ಣ ಬಿಗಿತ, ಎದೆಯಲ್ಲಿ ಆತುರ. ಹಸು ಹಿಂಗಾಲು ಎತ್ತುತ್ತಿದೆ ಅಂತ ಅಲ್ಲೇ ಕಂಡಿತು. ಮತ್ತೆ ಮೇಲ್ತುಟಿಗೆ ಬಂದೆ. ಐದಾರು ಉಸಿರಿನಲ್ಲಿ ಎಲ್ಲ ಮತ್ತೆ ಕೂಡಿಕೊಂಡಿತು. ಇವತ್ತಿನ ಒಂದೂ ಮುಕ್ಕಾಲು ಗಂಟೆಯಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಈ ವಾಪಸ್ ಬಂದದ್ದೇ.

ಇದು ನಿಜವಾಗಿ ಝಾನವೇ? ವಿಶುದ್ಧಿಮಗ್ಗದ ದಾರಿಯವರು ಒಪ್ಪಲಾರರು. ಅವರ ಪ್ರಕಾರ ಮೊದಲು ನಿಮಿತ್ತ, ಅಂದರೆ ಧ್ಯಾನದಲ್ಲಿ ಮನಸ್ಸಿಗೆ ಕಾಣುವ ಬೆಳಕು, ಸ್ಥಿರವಾಗಬೇಕು, ಝಾನದೊಳಗೆ ಸದ್ದೇ ಕೇಳಿಸಬಾರದು. ನನಗೆ ಹೊರಗೆ ನಾಯಿ ಬೊಗಳಿದ್ದು ಕೇಳಿಸಿತು. ಸುತ್ತಗಳನ್ನೇ ಹಿಡಿದು ಕಲಿಸುವ ಕೆಲವರು ಮೈಯ ಅರಿವು ಇರುತ್ತದೆ ಅನ್ನುತ್ತಾರೆ. ಆ ಉಂಡೆಯ ಹೋಲಿಕೆಯೇ ಮೈಯನ್ನು ಕುರಿತದ್ದಲ್ವಾ? ನನಗೆ ಇವರ ಮಾತೇ ಹತ್ತಿರ. ಆದರೂ ಹೆಸರಿಡುವ ಅವಸರ ಇಲ್ಲ.

ಮಧ್ಯಾಹ್ನ ಆಫೀಸಿನಲ್ಲಿ ಒಬ್ಬರು ನನ್ನ ಕೆಲಸವನ್ನು ಎಲ್ಲರೆದುರು ಹಳಿದರು. ಸಿಟ್ಟು ಬಂತು. ಹೊಟ್ಟೆಯಿಂದ ಗಂಟಲಿಗೆ ಏರುವ ತನಕ ಅದನ್ನು ನೋಡಲು ಪುರುಸೊತ್ತಿತ್ತು, ಅದೇ ಹೊಸದು. ಸಂಜೆಯ ಹೊತ್ತಿಗೆ ಆ ತಿಳಿಯೂ ಇಳಿದು ಎಲ್ಲ ಮಾಮೂಲಿಯಾಯಿತು.

ಅಲಾರಾಂ ಐದಕ್ಕೇ ಇಟ್ಟಿದ್ದೇನೆ.