ಶಾಪೆಕೊದ ಹಸಿರು ಗ್ಯಾಲರಿಯಲ್ಲಿ

ಫ್ಲೊರಿಯಾನೊಪೊಲಿಸ್‌ನಿಂದ ಶಾಪೆಕೊಗೆ ಸುಮಾರು 550 ಕಿಲೋಮೀಟರ್. ರಾತ್ರಿ ಬಸ್ಸು ಹಿಡಿದರೆ ಬೆಳಿಗ್ಗೆ ಊರು ಸೇರಬಹುದು. ಬ್ರೆಜಿಲ್‌ಗೆ ಬಂದವರು ಕಡಲತೀರ ಬಿಟ್ಟು ಇಷ್ಟು ಒಳಗೆ ಬರೋದು ಕಡಿಮೆ. ಇದು ಕೋಳಿ, ಹಂದಿ ಮಾಂಸದ ಕಾರ್ಖಾನೆಗಳ ಊರು. ನಾನು ಬಂದಿದ್ದು ಫುಟ್‌ಬಾಲ್‌ಗಾಗಿ.

ಊರಿನ ಫುಟ್‌ಬಾಲ್ ಕ್ಲಬ್ ಶಾಪೆಕೊಯೆನ್ಸೆ (ಚಿಕ್ಕದಾಗಿ ಶಾಪೆ) ಅಂದರೆ ಹೊರಗಿನವರಿಗೆ ನೆನಪಾಗೋದು ವಿಮಾನ ದುರಂತ ಒಂದೇ. ಅದಕ್ಕಿಂತ ಮೊದಲಿನ ಕಥೆಯೂ ದೊಡ್ಡದು. 1973ರಲ್ಲಿ ಊರಿನ ಎರಡು ತಂಡಗಳು ಸೇರಿ ಹುಟ್ಟಿದ ಕ್ಲಬ್ ಇದು. 2009ರಲ್ಲಿ ನಾಲ್ಕನೇ ದರ್ಜೆಯ ಲೀಗ್‌ನಲ್ಲಿತ್ತು. 2014ಕ್ಕೆ ಮೊದಲ ದರ್ಜೆಯಲ್ಲಿ ಆಡುತ್ತಿತ್ತು! ಗೋಲ್‌ಕೀಪರ್ ನಿವಾಲ್ದೊ ಆ ಏಣಿಯನ್ನು ತಂಡದ ಜೊತೆಗೇ ಹತ್ತಿದವರು.

ಅರೆನಾ ಕೊಂಡಾ ಊರೊಳಗೇ ಇದೆ, ನಡೆದೇ ಹೋದೆ. ಹೆಸರು ಇಲ್ಲಿನ ಮೂಲನಿವಾಸಿಗಳ ನಾಯಕ ಕೊಂಡಾ ಅವರದ್ದು. ಹೊರಗೆ ಹಸಿರು ಅಂಗಿ ತೊಟ್ಟ ಹಿರಿಯರೊಬ್ಬರು 'ಮಾತೆ' ಅನ್ನೋ ಎಲೆಯ ಕಷಾಯ ಹೀರುತ್ತಾ ಕೂತಿದ್ದರು. ಸೋರೆಬುರುಡೆ ತುಂಬ ಹಸಿರು ಪುಡಿ, ಅದರೊಳಗೆ ಲೋಹದ ಕೊಳವೆ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕ್. ಬುರುಡೆಗೆ ಮತ್ತೆ ನೀರು ಹಾಕಿ ನನ್ನ ಕೈಗೆ ಕೊಟ್ಟರು. ಒಳ್ಳೇ ಕಹಿ. "ದನೀಲೊ ಗೊತ್ತಾ?" ಅಂತ ಕೇಳಿದವರು, ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತು ಬಲಗಾಲು ಚಾಚಿ ತೋರಿಸಿದರು.

ಗೊತ್ತಿಲ್ಲದೆ ಏನು! 2016ರ ಕೋಪಾ ಸುಡಮೆರಿಕಾನಾ, ದಕ್ಷಿಣ ಅಮೆರಿಕದ ಕ್ಲಬ್‌ಗಳ ಟೂರ್ನಿ. ಅರ್ಜೆಂಟೀನಾದ ಇಂಡಿಪೆಂಡಿಯೆಂಟೆ ವಿರುದ್ಧ ಇದೇ ಮೈದಾನದಲ್ಲಿ ಗೋಲ್‌ಕೀಪರ್ ದನೀಲೊ ನಾಲ್ಕು ಪೆನಾಲ್ಟಿ ತಡೆದರು. ಸೆಮಿಫೈನಲ್‌ನಲ್ಲಿ ಸಾನ್ ಲೊರೆಂಜೊ ಎದುರು ಮೊದಲ ಪಂದ್ಯ ಸಮವಾಗಿದ್ದರೂ, ಎದುರಾಳಿಯ ಮೈದಾನದಲ್ಲಿ ಅನಾನಿಯಾಸ್ ಹೊಡೆದ ಗೋಲಿನಿಂದ ಶಾಪೆ ಒಂದು ಹೆಜ್ಜೆ ಮುಂದಿತ್ತು; ಒಟ್ಟು ಗೋಲು ಸಮವಾದರೆ ಹೊರಗಿನ ಗೋಲಿಗೇ ಬೆಲೆ ಹೆಚ್ಚು. ಇಲ್ಲಿ ಗೋಲು ಬಿಡದಿದ್ದರೆ ಸಾಕಿತ್ತು. ಕೊನೇ ಗಳಿಗೆಯಲ್ಲಿ ಗೋಲ್ ಬಾಯಲ್ಲೇ ಎದುರಾಳಿ ಒದ್ದ ಚೆಂಡಿಗೆ ದನೀಲೊ ಕಾಲು ಅಡ್ಡ ಹಾಕಿದರು. ತಂಡ ಫೈನಲ್ ತಲುಪಿತು.

ಆ ಫೈನಲ್‌ಗೆ ಹೊರಟ ವಿಮಾನ ನವೆಂಬರ್ 28ರ ರಾತ್ರಿ ಇಂಧನ ಮುಗಿದು ಕೊಲಂಬಿಯಾದ ಮೆಡೆಯಿನ್ ಹತ್ತಿರದ ಬೆಟ್ಟಕ್ಕೆ ಬಿತ್ತು. 77 ಜನರಲ್ಲಿ 71 ಮಂದಿ ತೀರಿಕೊಂಡರು. ದನೀಲೊ, ಅನಾನಿಯಾಸ್, ನಾಯಕ ಕ್ಲೇಬರ್ ಸಾಂತಾನಾ, ಗೋಲುಗಳ ಸರದಾರ ಬ್ರೂನೊ ರಾಂಜೆಲ್, ಕೋಚ್ ಕಾಯೊ ಜೂನಿಯರ್, ಎಲ್ಲರೂ ಹೋದರು. ಆಟಗಾರರಲ್ಲಿ ಬದುಕುಳಿದವರು ನೇತೊ, ಅಲನ್ ರುಶೆಲ್ ಮತ್ತು ಕಾಲು ಕಳೆದುಕೊಂಡ ಫೋಲ್‌ಮನ್. ಎದುರಾಳಿ ಅಟ್ಲೆಟಿಕೊ ನಾಸಿಯೊನಾಲ್, ಕಪ್ಪನ್ನು ಶಾಪೆಗೇ ಕೊಡಿ ಅಂತ ಕೇಳಿಕೊಂಡಿತು. ಕ್ರೀಡೆಯಲ್ಲಿ ಇದಕ್ಕಿಂತ ದೊಡ್ಡ ಮನಸ್ಸನ್ನು ನಾನು ಕಂಡಿಲ್ಲ.

ಬೇರೆ ಕ್ಲಬ್‌ಗಳು ಮೂರು ವರ್ಷ ಶಾಪೆಯನ್ನು ಕೆಳದರ್ಜೆಗೆ ಇಳಿಸೋದು ಬೇಡ ಅಂದವು. ಶಾಪೆ ಆ ರಿಯಾಯಿತಿ ಒಪ್ಪಲಿಲ್ಲ. ಹೊಸಬರನ್ನು, ಎರವಲು ಬಂದವರನ್ನು ಕಟ್ಟಿಕೊಂಡು 2017ರಲ್ಲಿ ರಾಜ್ಯ ಚಾಂಪಿಯನ್ ಆಯಿತು. 2019ರಲ್ಲಿ ಕೆಳಗಿಳಿದರೂ 2020ರ ಎರಡನೇ ದರ್ಜೆ ಲೀಗನ್ನು ಗೆದ್ದಿತು. ಕೊರೊನಾದಿಂದ ಆ ಲೀಗ್ ಮುಗಿದಿದ್ದು 2021ರ ಜನವರಿಯಲ್ಲಿ. ಅಮೆರಿಕಾ ಮಿನೇರೊ ಜೊತೆ ಅಂಕ ಸಮ, ಗೋಲು ವ್ಯತ್ಯಾಸದಲ್ಲಿ ಶಾಪೆ ಮೇಲೆ. ಅದಕ್ಕೆ ಬೇಕಿದ್ದ ಗೋಲು ಬಂದಿದ್ದು ಕೊನೇ ಪಂದ್ಯದ ಕೊನೇ ನಿಮಿಷಗಳಲ್ಲಿ, ಅನ್ಸೆಲ್ಮೊ ರಾಮೊನ್ ಹೊಡೆದ ಪೆನಾಲ್ಟಿಯಿಂದ. ಕಪ್ಪು ಎತ್ತಿದ ನಾಯಕ ಅಲನ್ ರುಶೆಲ್.