ಗುಡ್ಡ ಹತ್ತಿದ ಹಳ್ಳ

ನೆಲದ ಏರಿಳಿತವನ್ನೂ ನದಿಗಳನ್ನೂ ತೋರಿಸುವ ಅಲಾಸ್ಕಾದ ಹಳೆಯ ಟೋಪೋಶೀಟ್‌ಗಳನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಈ ಮಳೆಗಾಲದ ರಾತ್ರಿಗಳನ್ನು ನಾನು ಬಹುಮಟ್ಟಿಗೆ ಅವುಗಳ ಮುಂದೆಯೇ ಕಳೆದೆ. ಅವುಗಳ ಪ್ರಮಾಣ 1:63,360, ಅಂದರೆ ಇಂಚಿಗೆ ಒಂದು ಮೈಲಿ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳಿಗೂ ಇದೇ ಅಳತೆಯಿದ್ದುದರಿಂದ ಕಣ್ಣು ಬೇಗ ಒಗ್ಗಿಕೊಂಡಿತು.

ಒಂದು ಹಳ್ಳ ಮಾತ್ರ ಒಗ್ಗಲಿಲ್ಲ. ಹಳೆಯ ಹಾಳೆಯ ನೀಲಿ ಗೆರೆಯನ್ನು ನೆಲದ ಎತ್ತರದ ಹೊಸ ದತ್ತಾಂಶದ ಮೇಲೆ ಹಾಸಿದಾಗ, ಅದು ಕಣಿವೆಯ ತಳವನ್ನು ಬಿಟ್ಟು, ಪಕ್ಕದ ಇಳಿಜಾರಿನ ಮೂರು ನಾಲ್ಕು ಕಾಂಟೂರ್ ರೇಖೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು) ದಾಟಿ ಮೇಲೇರಿ, ಮತ್ತೆ ಕೆಳಗಿಳಿದಿತ್ತು. ಇದು ನಕ್ಷೆಗಾರನ ಅಜಾಗರೂಕತೆಯಲ್ಲ. ಆ ಹಾಳೆಗಳಲ್ಲಿ ಬಹುಪಾಲು 1950ರ ದಶಕದ ವಿಮಾನಚಿತ್ರಗಳಿಂದ ತಯಾರಾದವು. ನೆಲದ ಮೇಲೆ ಅಳೆದು ಗುರುತಿಸಿದ ಬಿಂದುಗಳು ವಿರಳವಾಗಿದ್ದ ಕಡೆ ಇಡೀ ಚಿತ್ರವೇ ಒಂದಿಷ್ಟು ಪಕ್ಕಕ್ಕೆ ಸರಿದು ಕೂರುತ್ತಿತ್ತು.

ಅದಕ್ಕೂ ಮೊದಲು ನದಿಯೇ ದಾರಿಯಾಗಿತ್ತು. 1898ರಲ್ಲಿ ನಕ್ಷೆಗಾರ ವಿಲಿಯಂ ಪೀಟರ್ಸ್ ಮತ್ತು ಭೂವಿಜ್ಞಾನಿ ಆಲ್ಫ್ರೆಡ್ ಬ್ರೂಕ್ಸ್ ವೈಟ್ ನದಿಯಲ್ಲಿ ದೋಣಿಗಳನ್ನು ಮೇಲಕ್ಕೆ ಒಯ್ದು, ಅಲ್ಲಿಂದ ತನನಾ ನದಿಗೆ ದಾಟಿ, ಅದರ ಜೊತೆ ಕೆಳಗಿಳಿದರು. ಇಂಥ ಪಯಣದಿಂದ ಹುಟ್ಟುವ ನಕ್ಷೆಯಲ್ಲಿ ದಡದ ಆಚೀಚೆಯ ಪಟ್ಟಿ ನಿಖರವಾಗಿದ್ದು, ದೂರದ ಬೆಟ್ಟಗಳು ಕಣ್ಣಳತೆಗೆ ಸಿಕ್ಕಷ್ಟೇ ಇರುವುದು ಸಹಜ.

ಉಪಗ್ರಹಯುಗ ಬಂದರೂ ಅಲಾಸ್ಕಾದ ಪಾಲಿಗೆ ತಕ್ಷಣ ಲಾಭವಾಗಲಿಲ್ಲ ಎಂಬುದು ನನಗೆ ಅಚ್ಚರಿ ತಂದ ಸಂಗತಿ. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ನಡೆದ ನೆಲದ ಎತ್ತರದ ರೇಡಾರ್ ಅಳತೆ ಉತ್ತರಕ್ಕೆ 60 ಡಿಗ್ರಿ ಅಕ್ಷಾಂಶದಲ್ಲೇ ನಿಂತಿತು. ಈ ರಾಜ್ಯದ ಹೆಚ್ಚಿನ ಭಾಗ ಅದರ ಮೇಲಿದೆ. ಹೀಗಾಗಿ 2010ರಿಂದ ವಿಮಾನಗಳಲ್ಲಿ ರೇಡಾರ್ ಹೊತ್ತು ಮತ್ತೆ ಅಳೆಯಬೇಕಾಯಿತು. ಅಲ್ಲಿ ಮೋಡ ಕವಿದ ದಿನಗಳೇ ಹೆಚ್ಚು, ರೇಡಾರಿಗಾದರೋ ಮೋಡದ ಹಂಗಿಲ್ಲ. ಆ ದತ್ತಾಂಶದಿಂದ ಈಗ 1:25,000 ಪ್ರಮಾಣದ ಹಾಳೆಗಳು ಬಂದಿವೆ.

ಆದರೂ ತನನಾದಂಥ ನದಿಯ ವಿಷಯದಲ್ಲಿ ಹೊಸ ಹಾಳೆಯನ್ನೂ ಪೂರ್ತಿ ನಂಬಲಾರೆ. ಹಿಮನದಿಗಳು ಅರೆದ ಬೂದುಬಣ್ಣದ ಹೂಳನ್ನು ಹೊತ್ತು ಬರುವ ಈ ನೀರು, ಜಲ್ಲಿಯ ದಿಬ್ಬಗಳ ನಡುವೆ ಜಡೆಯಂತೆ ಕವಲೊಡೆದು, ಬೇಸಿಗೆಯ ಹೆಚ್ಚು ಹರಿವಿನಲ್ಲಿ ಹಳೆಯ ಕವಲನ್ನು ಮುಚ್ಚಿ ಹೊಸದನ್ನು ಕೊರೆಯುತ್ತದೆ. ಆದ್ದರಿಂದ ಈಗೀಗ ಹಾಳೆ ತೆರೆದೊಡನೆ ನಾನು ನೋಡುವುದು ಬೆಟ್ಟವನ್ನೂ ಅಲ್ಲ, ನದಿಯನ್ನೂ ಅಲ್ಲ. ಕೆಳ ಅಂಚಿನಲ್ಲಿ ಸಣ್ಣಕ್ಷರದಲ್ಲಿರುವ, ಚಿತ್ರ ತೆಗೆದ ವರ್ಷವನ್ನು.